ಅವ್ವನ ಕಿಡಕಿ ಸೀಟು

ನಾ ಬಿಡಿಸಿದ ಲೋಕಲ್ ಟ್ರೇನಿನ ಚಿತ್ರಾ ನೋಡಿ ನಮ್ಮ ಓಣಿ ಅಕ್ಕಂದಿರು ಕೇಳಿದ್ರು, ಇದೇನವಾ ಹಳದಿ ಗಾಡಿ ಅಂತ. ಧಾರವಾಡಕ್ಕ ಸೊಸಿಯಾಗಿ ಬಂದು 35 ವರ್ಷಾತು, ಆದ್ರ ನಾ ಹುಟ್ಟಿ ಬೆಳದದ್ದು ಮುಂಬೈ ಅಂಧೇರಿಯೊಳಗ. ಈಗಿನ ಬಿಳಿ-ನೇರಳೆ ಗಾಡಿ 2007ರಾಗ ಬಂದ್ವು. ನನ್ನ ನೆನಪಿನ್ಯಾಗ ಓಡೋ ಗಾಡಿ ಹಳದಿ, ಕಂದು. ಮೊಮ್ಮಗಳು ಬಿಟ್ಟುಹೋದ ಅಕ್ರಿಲಿಕ್ ಬಣ್ಣದಾಗ ಪುಣ್ಯಾಕ್ಕ ಎರಡೂ ಉಳದಿದ್ವು.

ವಾರಕ್ಕೊಮ್ಮೆ ಅವ್ವ ನನ್ನ ಕರಕೊಂಡು ದಾದರ್‌ಗೆ ಹೋಗತಿದ್ಲು. ಕಾಯಿಪಲ್ಯ ಅಲ್ಲೆ ಸೋವಿ. ವಾಪಸ್ ಬರೋ ಹೊತ್ತಿಗೆ ಲೇಡೀಜ್ ಡಬ್ಬಿ ತುಂಬ ಆಫೀಸ್ ಬಿಟ್ಟ ಹೆಂಗಸರು. ಒಬ್ಬಾಕಿ ಸ್ವೆಟರ್ ಹೆಣೀತಿದ್ಲು, ಇನ್ನೊಬ್ಬಾಕಿ ರಾತ್ರಿ ಅಡಗಿಗೆ ಮೆಂತೆಪಲ್ಯ ಸೋಸತಿದ್ಲು. ಗುರ್ತು ಇಲ್ಲದ ಯಾರೋ ಮಾವಶಿ ನನ್ನ ತೊಡಿ ಮ್ಯಾಲೆ ಕೂಡಿಸಿಕೊಂಡು ಬಟಾಣಿ ಸುಲೀಲಿಕ್ಕೆ ಹಚ್ಚತಿದ್ರು. ಸುಲದದ್ದಕ್ಕಿಂತ ನಾ ತಿಂದದ್ದ ಹೆಚ್ಚು!

ಮಾಹಿಮ್ ದಾಟಿ ಖಾಡಿ ಬಂತಂದ್ರ ಎಲ್ಲಾರ ಸೆರಗೂ ಮೂಗಿಗೆ. ವಿಲೇ ಪಾರ್ಲೆ ಬಂದ ಕೂಡಲೇ ಬಿಸ್ಕಿಟ್ ಸುಡೋ ಘಮಾ. ಆ ಪಾರ್ಲೆ ಕಾರ್ಖಾನಿ 2016ರಾಗ ಮುಚ್ಚಿತು. ವಾಸನಿ ಹೆಂಗ ಬಿಡಸೋದು ಹೇಳ್ರಿ? ಕಿಡಕಿ ಆಚೆ ಕಪ್ಪು ನೀರು, ಒಳಗ ಮೂಗು ಮುಚ್ಚಿದ ಮೂರು ಹೆಂಗಸರು ಬರದೆ, ಖಾಡಿ ಬಂತು. ಬಿಸ್ಕಿಟ್ ಮಾತ್ರ ಯಾವ ಬ್ರಶ್ಶಿಗೂ ಒಲೀಲಿಲ್ಲ.

ಅವ್ವನ್ನ ಕಿಡಕಿ ಕಡೆ ಸೀಟಿನ್ಯಾಗ ಕೂಡಿಸಿದೆ. ತಲಿಗೂದಲು ಗಾಳಿಗೆ ಹಾರಾಕತ್ತಾವ.

ಫೋಟೋ ಕಳಿಸಿದ್ದ ತಡ, ಅಕ್ಕನ ಫೋನು. "ಏನ ಬರದೀಯಲೇ? ಅವ್ವ ಯಾವಾಗ ಕೂತಿದ್ಲು? ಒಂದ ಕೈಯಾಗ ಚೀಲಾ, ಒಂದ ಕೈಯಾಗ ಮ್ಯಾಲಿನ ಹಿಡಿಕಿ. ಅಂಧೇರಿ ತನಕಾ ನಿಂತ ಬರತಿದ್ಲು."

ನನಗ ಗೊತ್ತಿಲ್ಲೇನು? ಕೈ ಎತ್ತಿದಾಗ ಅಕಿ ಕುಪ್ಪಸದ ಬಗಲಾಗ ಹೊಲಿಗಿ ಬಿಚ್ಚಿದ್ದು ಇನ್ನೂ ಕಣ್ಣಿಗೆ ಕಟ್ಟೇತಿ. ಸೀಟು ಸಿಕ್ರೂ ಬಸುರಿಗೋ ಮುದುಕಿಗೋ ಬಿಟ್ಟುಕೊಡತಿದ್ಲು. ಮನಿಗೆ ಬಂದ್ರ ಮತ್ತ ಒಲಿ ಮುಂದ ನಿಂತಗೊಂಡ. ಕಡೀಕಡೀಗೆ ಮೊಣಕಾಲು ಹಿಡದು, ಕೂತ್ರ ಏಳಾಕ ಆಗತಿರಲಿಲ್ಲ.

"ಅದಕ್ಕ ಕೂಡಿಸೀನಿ" ಅಂದೆ.

ಅಕ್ಕ ಬಾಳ ಹೊತ್ತು ಸುಮ್ಮನಿದ್ಲು. ಫೋನ್ ಕಟ್ ಆತೇನೋ ಅನಕೊಂಡೆ. ಆಮ್ಯಾಲೆ ಸಣ್ಣ ದನಿ ತಗದು, "ಹಂಗಾದ್ರ ಆ ಚೀಲಾನೂ ಅಕಿ ಕೈಯಾಗಿಂದ ಇಸಗೊಂಡು ನನ್ನ ಕೈಯಾಗ ಕೊಡು" ಅಂದ್ಲು.

ಈಗ ಅಕ್ಕನ್ನ ನಿಂದರಸಾಕ ಜಾಗಾ ಹುಡುಕಾಕತ್ತೀನಿ. ಬಟಾಣಿ ಮಾವಶೀನ್ನ ಒಂದೀಟು ಸರಸಬೇಕಾಗತೈತಿ.