ಅರ್ಧ ತಿಂಗಳ ಊರು

ಸಂಶೋಧನೆಯ ಕ್ಷೇತ್ರಕಾರ್ಯಕ್ಕೆಂದು ಎರಡು ವರ್ಷಗಳಿಂದ ನಾನು ಅರ್ಧ ತಿಂಗಳು ಗುಂಡ್ಲುಪೇಟೆಯವಳು, ಇನ್ನರ್ಧ ಮೈಸೂರಿನವಳು. ಬಾಡಿಗೆ ಮಾತ್ರ ಎರಡೂ ಕಡೆ ಪೂರ್ತಿ. ಬೇಕಾದ ಪುಸ್ತಕ ಯಾವಾಗಲೂ ಇನ್ನೊಂದು ಊರಿನಲ್ಲಿರುತ್ತದೆ. ಒಂದು ಕಡತ ನೋಡಲು ಚಾಮರಾಜನಗರಕ್ಕೆ ಹೋದರೆ ಇಡೀ ದಿನ ಬಸ್ಸಿಗೇ ಸಂದಾಯ.

ಸಮುದ್ರವಿಲ್ಲದಿದ್ದರೂ ರಾತ್ರಿ ಈ ಊರು ಅರ್ಧ ದ್ವೀಪ. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಕೆಲವು ಸರ್ಕಾರಿ ಬಸ್ಸು, ತುರ್ತು ವಾಹನ ಬಿಟ್ಟರೆ 9 ಗಂಟೆಯಿಂದ ಬೆಳಿಗ್ಗೆ 6ರವರೆಗೆ ವಯನಾಡಿನ ಕಡೆಗೂ ಊಟಿಯ ಕಡೆಗೂ ಗೇಟು ಬೀಳುತ್ತದೆ. ಲಾರಿಗಳ ಸದ್ದಡಗಿದ ಆ ಮೌನದಲ್ಲಿ ನಾನು ಬರೆದಷ್ಟು ಮೈಸೂರಿನಲ್ಲಿ ಬರೆದಿಲ್ಲ.

ಮಳೆಗಾಲದಲ್ಲಿ ಹೊಲಗಳೆಲ್ಲ ಚೆಂಡುಹೂ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಈ ಹೂವಿನಲ್ಲಿ ಬಹುಪಾಲು ದೇವರಿಗೂ ಅಲ್ಲ, ಮಾಲೆಗೂ ಅಲ್ಲ. ಬಣ್ಣದ ಸಾರ ತೆಗೆಯುವ ಕಾರ್ಖಾನೆಗೆ. ಆ ಸಾರ ಕೊನೆಗೆ ಕೋಳಿಯ ಮೇವಿಗೂ ಸೇರಿ ಮೊಟ್ಟೆಯ ಭಂಡಾರಕ್ಕೆ ಬಣ್ಣ ಕೊಡುತ್ತದೆ.

ನನ್ನ ಮೌನದ ಹೊತ್ತಿನಲ್ಲೇ ಕಾಡಂಚಿನ ರೈತ ಹಂದಿ, ಆನೆ ಬಾರದಂತೆ ಅಟ್ಟಣೆಯ ಮೇಲೆ ಎಚ್ಚರವಿರುತ್ತಾನೆ. ನನಗೆ ಬೇಸರವಾದರೆ ಬೆಳಗಿನ ಬಸ್ಸಿದೆ. ಅವನಿಗೆ ಇನ್ನೊಂದು ಊರಿಲ್ಲ. ಫೋಟೊದವರಿಗಿಂತ ನಾನು ಹದಿನೈದು ದಿನ ಹೆಚ್ಚು ನಿಲ್ಲುತ್ತೇನೆ, ಅಷ್ಟೆ.

ಪಕ್ಕದ ಮನೆಯ ಅಜ್ಜಿ ಮೊದಮೊದಲು ‘ಯಾವಾಗ ಬಂದ್ಯವ್ವ?’ ಎನ್ನುತ್ತಿದ್ದರು. ಈಗ ‘ಯಾವಾಗ ಹೊರಡದು?’ ಎನ್ನುತ್ತಾರೆ. ಮಹಾಪ್ರಬಂಧದ ಕೊನೆಯ ಅಧ್ಯಾಯ ಹತ್ತಿರವಾದಂತೆ ಆ ಪ್ರಶ್ನೆಗೆ ಉತ್ತರಿಸಲು ನನಗೆ ತಡವಾಗುತ್ತಿದೆ.