ಬಂಡೆಯ ಅಂಚಿನಲ್ಲಿ

ನಂದಿಬೆಟ್ಟವನ್ನೇರಿದವರು ‘ಟಿಪ್ಪು ಡ್ರಾಪ್’ ಎಂಬ ಕಡಿದಾದ ಬಂಡೆಯಂಚಿನಿಂದ ಇಣುಕದೆ ಹಿಂದಿರುಗುವುದು ಅಪರೂಪ. ಟಿಪ್ಪುವಿನ ಕಾಲದಲ್ಲಿ ಅಪರಾಧಿಗಳನ್ನು ಅಲ್ಲಿಂದಲೇ ತಳ್ಳುತ್ತಿದ್ದರೆಂಬುದು ಜನರ ಮಾತು. ಆ ಬಂಡೆ ನನಗೆ ನಜರೇತಿನ ಬೆಟ್ಟವನ್ನು ನೆನಪಿಗೆ ತರುತ್ತದೆ. ಯೇಸುಸ್ವಾಮಿಯ ಮಾತಿಗೆ ತಲೆದೂಗಿದ್ದ ಸ್ವಂತ ಊರಿನವರೇ, ದೇವಕೃಪೆ ಪರಕೀಯರಿಗೂ ಸಂದಿತೆಂದು ಅವರು ನುಡಿದೊಡನೆ ಕೆರಳಿ, ಅವರನ್ನು ಬೆಟ್ಟದಂಚಿಗೆ ಎಳೆದೊಯ್ದರೆಂದು ಸಂತ ಲೂಕರು ಬರೆದಿದ್ದಾರೆ. ತನ್ನನ್ನು ಶೋಧಿಸಿಕೊಳ್ಳಲೊಲ್ಲದವನಿಗೆ ಪರರಿಗೆ ದಂಡನೆ ವಿಧಿಸುವುದು ಸುಲಭ.

ನಾವು ಯಾರನ್ನೂ ಬಂಡೆಯಿಂದ ತಳ್ಳುವುದಿಲ್ಲ, ನಿಜ. ಆದರೆ ಬಲಿಪೂಜೆಯ ಆರಂಭದಲ್ಲಿ ಪಾಪವನ್ನೊಪ್ಪಿ ಎದೆ ಬಡಿದುಕೊಂಡ ಕೈಯೇ, ದೇವಾಲಯದ ಮೆಟ್ಟಿಲಿಳಿಯುವ ಮುನ್ನ ನೆರೆಯವನತ್ತ ಬೆರಳು ಚಾಚುತ್ತದೆ. ಒಂದೇ ಮಾತಿಗೆ ಒಬ್ಬನ ಮಾನ ಪ್ರಪಾತ ಸೇರುತ್ತದೆ. ಬೆಟ್ಟದ ತುದಿಯಿಂದ ಸುತ್ತಲಿನ ಊರುಗಳೆಲ್ಲ ಕಾಣುತ್ತವೆ. ಕಾಲಡಿಯ ಬಿರುಕು ಕಾಣಲು ತಲೆ ತಗ್ಗಿಸಲೇಬೇಕು. ಹಾಗೆ ತಗ್ಗಿಸಿದವನೇ ತಪ್ಪಿದ ಸೋದರನ ಕೈಹಿಡಿದು ಅಂಚಿನಿಂದ ಹಿಂದಕ್ಕೆ ಕರೆತರಬಲ್ಲ.