ಅರ್ಧಕ್ಷಣದ ವಿಮಾನಯಾನ

ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರಮಧ್ಯದಲ್ಲಿ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅದರಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬೆರಡು ದ್ವೀಪಗಳು ಒಂದನ್ನೊಂದು ನೋಡುತ್ತ ನಿಂತಿವೆ. ಎರಡರಲ್ಲಿಯೂ ಸಣ್ಣ ವಿಮಾನಗಳು ಇಳಿಯತಕ್ಕ ಬಯಲುಗಳುಂಟು; ಅವುಗಳ ಅಂತರ ಸುಮಾರು 2.7 ಕಿಲೋಮೀಟರು, ಎಂದರೆ ಎರಡು ಮೈಲಿಗೂ ಕಡಮೆ. ವೇಳಾಪಟ್ಟಿಯಲ್ಲಿ ಈ ಯಾನಕ್ಕೆ ಕೊಟ್ಟಿರುವ ಕಾಲ 2 ನಿಮಿಷ. ಕ್ಲುಪ್ತವೇಳೆಗೆ ಹೊರಡುವ ವಿಮಾನಯಾನಗಳಲ್ಲಿ ಇದಕ್ಕಿಂತ ಚಿಕ್ಕದು ಜಗತ್ತಿನಲ್ಲಿ ಬೇರೊಂದಿಲ್ಲ.

ನಮ್ಮ ಅಮರಕೋಶದ ಲೆಕ್ಕದಂತೆ ಹನ್ನೆರಡು ಕ್ಷಣಗಳು ಕೂಡಿದರೆ ಒಂದು ಮುಹೂರ್ತ. ಮುಹೂರ್ತವೆಂದರೆ 48 ನಿಮಿಷ. ಆದ್ದರಿಂದ ಕ್ಷಣವೊಂದಕ್ಕೆ 4 ನಿಮಿಷ. ಈ ಯಾನವು ಅರ್ಧಕ್ಷಣದಲ್ಲಿ ಮುಗಿಯುವುದೆಂದು ಶಾಸ್ತ್ರಪ್ರಮಾಣವಾಗಿಯೇ ಹೇಳಬಹುದು. ಗಾಳಿಯು ಅನುಕೂಲವಾಗಿದ್ದ ಒಂದು ದಿನ ಕೇವಲ 53 ಸೆಕೆಂಡುಗಳಲ್ಲಿ ದಾಟಿದ್ದೂ ಉಂಟು. ಅದು ಪಾದಕ್ಷಣಕ್ಕೂ ಕಡಮೆ!

ಇಷ್ಟು ದೂರಕ್ಕೆ ವಿಮಾನವೇಕೆಂದು ವಾಚಕರು ನಗಬಹುದು. ನಾನು ಉಪಾಧ್ಯಾಯನಾಗಿದ್ದಾಗ ಇದಕ್ಕಿಂತ ಹೆಚ್ಚು ದೂರವನ್ನು ಕೊಡೆ ಹಿಡಿದು ದಿನವೂ ನಡೆದವನೇ. ಆದರೆ ಇಲ್ಲಿ ನಡುವೆ ಇರುವುದು ಗದ್ದೆಯ ಬದುವಲ್ಲ, ಕಡಲು. ದೋಣಿಯಲ್ಲಿ ದಾಟಲು ಸುಮಾರು 25 ನಿಮಿಷ ಬೇಕು. ಬಿರುಗಾಳಿಯೆದ್ದರೆ ದೋಣಿಯೇ ಹೊರಡದು. ಚಳಿಗಾಲದ ನಡುವಿನಲ್ಲಿ ಹಗಲೆಂಬುದು ಆರೇ ಗಂಟೆ.

2011ನೆಯ ಜನಗಣತಿಯಂತೆ ಪಾಪಾ ವೆಸ್ಟ್ರೇಯ ಜನಸಂಖ್ಯೆ 90. ಒಂದು ಮದುವೆಯ ಚಪ್ಪರಕ್ಕೂ ಸಾಲದಷ್ಟು ಜನ! ಸಂಚಾರದ ಉಪಾಧ್ಯಾಯರು, ವೈದ್ಯರು, ಆಸ್ಪತ್ರೆಗೆ ಹೋಗಬೇಕಾದ ವೃದ್ಧರು—ಇವರಿಗೆಲ್ಲ ವಿಮಾನವೇ ಆಧಾರ. ಮಕ್ಕಳು ಮೇಲಿನ ತರಗತಿಗಳಿಗೆ ಕರ್ಕ್ವಾಲ್ ಪಟ್ಟಣಕ್ಕೆ ಹೋಗಬೇಕು. ವೈದ್ಯನೂ ಗುರುವೂ ಬಾರದ ಊರಿನಲ್ಲಿ ಎಳೆಯ ದಂಪತಿಗಳು ಒಲೆ ಹೂಡುವರೆ? ಅದೇ ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದಲ್ಲಿ ಕೊನೆಗುಳಿದಿದ್ದ 36 ಮಂದಿ ಬದುಕು ಸಾಗದೆ 1930ರ ಆಗಸ್ಟಿನಲ್ಲಿ ಊರನ್ನೇ ತೊರೆದರು. ಅದನ್ನು ನೆನೆದರೆ ಈ ಎರಡು ನಿಮಿಷದ ಹಾರಾಟ ವಿನೋದವೆಂದು ತೋರದು.

ಲೋಗನೇರ್ ಎಂಬ ಕಂಪೆನಿಯವರು 1967ರಲ್ಲಿ ಇದನ್ನು ಆರಂಭಿಸಿದರು. ಅವರು ಇಲ್ಲಿ ನಡೆಸಿದ ‘ಐಲಂಡರ್’ ಎಂಬ ವಿಮಾನವು ನಮ್ಮ ಊರಿನ ಮೋಟಾರು ವ್ಯಾನಿಗೆ ರೆಕ್ಕೆ ಕಟ್ಟಿದಂತಿದೆ. ಎಂಟೊಂಬತ್ತು ಮಂದಿಗಷ್ಟೇ ಸ್ಥಳ; ಒಬ್ಬ ಪ್ರಯಾಣಿಕನಿಗೆ ಚಾಲಕನ ಪಕ್ಕದಲ್ಲಿಯೇ ಪೀಠ. ಎತ್ತರಕ್ಕೆ ಏರುವ ಅವಶ್ಯಕತೆಯಿಲ್ಲ. ಏರಿದೊಡನೆ ಇಳಿಯುವ ಸಿದ್ಧತೆ. ಹಾರಾಟಕ್ಕಿಂತ ಹತ್ತಿ ಕುಳಿತು ಪಟ್ಟಿ ಬಿಗಿದುಕೊಳ್ಳುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಇಳಿದವರು ನೋಡತಕ್ಕದ್ದು ಪಶ್ಚಿಮ ತೀರದ ‘ನ್ಯಾಪ್ ಆಫ್ ಹೋವರ್’. ಒಂದಕ್ಕೊಂದು ಅಂಟಿದ ಎರಡು ಕಲ್ಲುಮನೆಗಳು. ಐದು ಸಾವಿರ ವರ್ಷಗಳಿಗೂ ಹಿಂದಿನವು. ಧಾನ್ಯ ಬೀಸಿದ ಕಲ್ಲು ಇಂದಿಗೂ ಒಳಗಿದೆ. ವಿಮಾನದ ಬಯಲಿನಿಂದ ಅಲ್ಲಿಗೆ ನಡೆದೇ ಹೋಗಬಹುದು. ಆದರೆ ಆ ನಡಿಗೆಗೆ ಹಾರಿ ಬಂದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತು ಬೇಕು.